ಭಾರ ಎಲ್ಲಿಗೆ ಹೋಗುತ್ತೆ? ಉಲ್ಮ್ ಊರಿನ ಗಾಥಿಕ್ ಚರ್ಚ್

ಎಲ್ಲರಿಗೂ ನಮಸ್ಕಾರ. ಮುಂದಿನ ಸಾಲಿನಲ್ಲಿ ಸಿವಿಲ್ ಓದುವ ಮಕ್ಕಳಿದ್ದಾರೆ. ಹಿಂದೆ ನಮ್ಮ ದಾವಣಗೆರೆಯ ಮೇಸ್ತ್ರಿಗಳು, ಗಾರೆ ಕೆಲಸದವರು ಕೂತಿದ್ದೀರಿ. ನಾನು ಮಾತಾಡೋದು ಜಾಸ್ತಿ ಹಿಂದಿನ ಸಾಲಿಗೇ. ಯಾಕಂದ್ರೆ ನಾನು ತಪ್ಪು ಹೇಳಿದರೆ ಮೊದಲು ಗೊತ್ತಾಗೋದು ನಿಮಗೇ.

ಇಪ್ಪತ್ತು ವರ್ಷದ ಹಿಂದೆ ನಮ್ಮ ಮನೆ ಗೇಟಿಗೆ ಒಂದು ಇಟ್ಟಿಗೆ ಕಮಾನು ಕಟ್ಟಿಸಿದೆ. ಎರಡು ಕಡೆ ಒಂಬತ್ತು ಇಂಚಿನ ಕಂಬ, ಮೇಲೆ ಅಗಲವಾದ ಚಪ್ಪಟೆ ಕಮಾನು. ಪ್ಲಾನ್ ನನ್ನದೇ. "ಸಾರ್, ಕಂಬ ಸಣ್ಣ ಆಯ್ತು" ಅಂದರು ಮೇಸ್ತ್ರಿ. ನಾನು ಕೇಳಲಿಲ್ಲ. ಸೆಂಟ್ರಿಂಗ್ ಬಿಚ್ಚಿದ ಮೂರನೇ ದಿನ ಕಮಾನಿನ ನೆತ್ತಿಯಲ್ಲಿ ಕೂದಲೆಳೆಯಂಥ ಬಿರುಕು. ಯುಗಾದಿ ಹೊತ್ತಿಗೆ ಅದರೊಳಗೆ ಒಂದು ರೂಪಾಯಿ ನಾಣ್ಯ ತೂರುತ್ತಿತ್ತು. ಕಂಬಗಳು ಒಂದೊಂದು ದಿಕ್ಕಿಗೆ ವಾಲಿದ್ದವು.

ಗಾಥಿಕ್ ಚರ್ಚ್, ಅಂದ್ರೆ ಯುರೋಪಿನ ಹಳೇ ಚೂಪು ಕಮಾನಿನ ಶೈಲಿಯ ಚರ್ಚ್, ನನಗೆ ಅರ್ಥ ಆಗಿದ್ದು ಆ ಬಿರುಕಿನಿಂದ.

ನಮ್ಮ ಹರಿಹರೇಶ್ವರ ದೇವಸ್ಥಾನವನ್ನೇ ತಗೊಳ್ಳಿ. ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ 1224ರಲ್ಲಿ ಕಟ್ಟಿಸಿದ್ದು. ಕಂಬ, ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಚಪ್ಪಡಿ. ಭಾರ ನೆಟ್ಟಗೆ ಕೆಳಗಿಳಿಯುತ್ತೆ, ಯಾರನ್ನೂ ಪಕ್ಕಕ್ಕೆ ತಳ್ಳೋದಿಲ್ಲ. ಆದರೆ ಕಲ್ಲಿನ ತೊಲೆ ಉದ್ದ ಆದರೆ ನಡುವೆ ಮುರಿಯುತ್ತೆ. ಅದಕ್ಕೇ ಕಂಬಗಳು ಅಷ್ಟು ಹತ್ತಿರ ಹತ್ತಿರ. ದೊಡ್ಡ ಜಾಗವನ್ನು ಕಂಬ ಇಲ್ಲದೆ ಮುಚ್ಚಬೇಕು ಅಂದ್ರೆ ಕಮಾನೇ ಬೇಕು. ಕಮಾನು ಬಂತು ಅಂದ್ರೆ ಪಕ್ಕಕ್ಕೆ ತಳ್ಳೋದೂ ಬಂತು.

ಏಣಿ ಒರಗಿಸಿ ಹತ್ತಿದವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಕಡಿದಾಗಿ ನಿಲ್ಲಿಸಿದರೆ ಕಾಲು ಜಾರೋದು ಕಡಿಮೆ. ಓರೆ ಜಾಸ್ತಿ ಆದಷ್ಟೂ ಬುಡ ಹೊರಕ್ಕೆ ಓಡುತ್ತೆ. ಚೂಪು ಕಮಾನು ಅಂದ್ರೆ ಕಡಿದಾಗಿ ನಿಲ್ಲಿಸಿ, ತಲೆಗೆ ತಲೆ ಕೊಟ್ಟ ಎರಡು ಏಣಿ. ಅರ್ಧ ಚಂದ್ರದ ಕಮಾನಿಗಿಂತ ಅದು ಪಕ್ಕಕ್ಕೆ ತಳ್ಳೋದು ಕಡಿಮೆ. ಇದನ್ನು ಗಾಥಿಕ್‌ನವರು ಕಂಡುಹಿಡಿದರು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಅರಬರ ನಾಡಿನಲ್ಲಿ ಮೊದಲೇ ಇತ್ತು. ಸಂತೆಬೆನ್ನೂರಿನ ಹೊಂಡದ ದಂಡೆ ಮೇಲಿರುವ ಮುಸಾಫಿರ್ ಖಾನೆಯಲ್ಲಿ ನೀವೂ ನೋಡಿರ್ತೀರಿ. ಪ್ಯಾರಿಸ್ ಹತ್ತಿರದ ಸೇಂಟ್ ಡೆನಿಸ್ ಚರ್ಚಿನಲ್ಲಿ 1144ರ ಹೊತ್ತಿಗೆ ಆಗಿದ್ದು ಬೇರೆ. ಚೂಪು ಕಮಾನು, ಚಾವಣಿಯನ್ನು ಹೊರುವ ಪಕ್ಕೆಲುಬಿನಂಥ ಕಲ್ಲಿನ ಪಟ್ಟಿ, ದೊಡ್ಡ ಬಣ್ಣದ ಗಾಜು, ಎಲ್ಲವನ್ನೂ ಅಲ್ಲಿ ಒಟ್ಟಿಗೆ ಸೇರಿಸಿದರು. ಮಿಕ್ಕ ತಳ್ಳುವಿಕೆಯನ್ನು ತಡೆಯೋಕೆ ಗೋಡೆಗೆ ಹೊರಗಿನಿಂದ ಒತ್ತುಗಂಬ. ಬಟ್ರೆಸ್ ಅಂತಾರಲ್ಲ, ಅದು. ತಡೆಯೋ ಕೆಲಸ ಒತ್ತುಗಂಬಕ್ಕೆ ಹೋದ ಮೇಲೆ ಗೋಡೆಗೆ ಬಿಡುವು. ಅಲ್ಲಿ ಗಾಜು ಕೂರಿಸಬಹುದು.

ಈಗ ಉಲ್ಮ್‌ಗೆ ಬರೋಣ. ದಕ್ಷಿಣ ಜರ್ಮನಿಯಲ್ಲಿ ಡ್ಯಾನ್ಯೂಬ್ ದಂಡೆಯ ಊರು. ಇದು ಬಿಷಪ್ಪರ ಚರ್ಚ್ ಅಲ್ಲ, ಊರವರ ಪ್ಯಾರಿಷ್ ಚರ್ಚ್. ಹಳೇ ಚರ್ಚು ಕೋಟೆಯ ಹೊರಗಿತ್ತು. ಮುತ್ತಿಗೆ ಬಿದ್ದರೆ ಪ್ರಾರ್ಥನೆಗೂ ಹೋಗುವ ಹಾಗಿರಲಿಲ್ಲ. ಊರವರೇ ದುಡ್ಡು ಹಾಕಿ 1377ರಲ್ಲಿ ಕೋಟೆಯೊಳಗೆ ಅಡಿಗಲ್ಲು ಇಟ್ಟರು. ಆಗ ಊರಿನ ಜನ ಸುಮಾರು 10,000. ಚರ್ಚಿನಲ್ಲಿ 20,000 ಜನ ನಿಲ್ಲಬಹುದು! ತೇರು ಪಕ್ಕದೂರಿನದಕ್ಕಿಂತ ಒಂದು ಗೇಣಾದರೂ ಎತ್ತರ ಇರಬೇಕು ಅನ್ನೋ ಹಟ ನಮಗೂ ಗೊತ್ತು, ಅಲ್ವಾ?

ಹಟ ಎಲ್ಲಿ ಕೈಕೊಟ್ಟಿತು ಅಂದ್ರೆ, ನಡು ಅಂಕಣ, ಅಂದ್ರೆ ಕಂಬದ ಸಾಲುಗಳ ನಡುವಿನ ಉದ್ದ ಜಾಗ, ಎಷ್ಟು ಅಗಲವೋ ಅದರ ಎರಡು ಪಕ್ಕದ ಅಂಕಣಗಳನ್ನೂ ಅಷ್ಟೇ ಅಗಲ ಮಾಡಿದರು. ಅಗಲ ಕಮಾನು, ಜಾಸ್ತಿ ತಳ್ಳುವಿಕೆ. ಮೇಲಿಂದ ಗೋಪುರ ಬೇರೆ ಏರುತ್ತಲೇ ಇತ್ತು. 1492ರಲ್ಲಿ ಪ್ರಾರ್ಥನೆ ನಡೆಯುತ್ತಿದ್ದಾಗ ಗೋಪುರದ ಕಮಾನು ಚಾವಣಿಯಿಂದ ಎರಡು ಕಲ್ಲು ಬಿದ್ದವು. ಗೋಪುರವೇ ಬಂತು ಅಂತ ಜನ ಹೆದರಿದರು. ಮುಖ್ಯ ಶಿಲ್ಪಿ ಮಥೇಯುಸ್ ಬ್ಯೋಬ್ಲಿಂಗರ್ ಊರು ಬಿಟ್ಟ.

ಆಗ ಔಗ್ಸ್‌ಬರ್ಗ್‌ನಿಂದ ಬಂದವನು ಬುರ್ಕ್‌ಹಾರ್ಟ್ ಎಂಗೆಲ್‌ಬರ್ಗ್. ಗೋಪುರದ ತಳಪಾಯ ಗಟ್ಟಿ ಮಾಡಿದ. ಆಮೇಲೆ ಪಕ್ಕದ ಅಂಕಣಗಳ ನಟ್ಟನಡುವೆ ಒಂದೊಂದು ಸಾಲು ಸಣ್ಣ ಗುಂಡು ಕಂಬ ನಿಲ್ಲಿಸಿದ. ಒಂದು ದೊಡ್ಡ ಕಮಾನು ಇದ್ದ ಕಡೆ ಈಗ ಎರಡು ಚಿಕ್ಕವು. ಮೂರು ಅಂಕಣದ ಚರ್ಚು ಐದು ಅಂಕಣದ್ದಾಯಿತು. ಇಡೀ ಕಟ್ಟಡದಲ್ಲಿ ನನಗೆ ಹೆಚ್ಚು ಇಷ್ಟ ಈ ಕಂಬಗಳೇ. ನೋಡಿದವರು ಚಂದಕ್ಕೆ ಇಟ್ಟಿದ್ದು ಅಂದುಕೊಳ್ಳುತ್ತಾರೆ. ಅದು ರಿಪೇರಿ ಸ್ವಾಮಿ! ನಮ್ಮ ಗೇಟಿಗೂ ಮೇಸ್ತ್ರಿ ಇಂಥದ್ದೇ ಮಾಡಿದರು. ಕಂಬಗಳ ಹೊರಮೈಗೆ ಒಂದೊಂದು ಒತ್ತು ಕಟ್ಟಿ, ಮೇಲೆ ಗಾರೆ ಬಳಿದು, "ಈಗ ಡಿಸೈನ್ ಥರ ಕಾಣುತ್ತೆ ಬಿಡಿ ಸಾರ್" ಅಂದರು.

ಉಲ್ಮ್‌ನವರು ತಮ್ಮನ್ನು ತಾವೇ ಗೇಲಿ ಮಾಡಿಕೊಳ್ಳುವ ಒಂದು ಕತೆ ಇದೆ. ಚರ್ಚಿಗೆ ತಂದ ಉದ್ದನೆಯ ತೊಲೆ ಊರಬಾಗಿಲಲ್ಲಿ ಅಡ್ಡಕ್ಕೆ ಸಿಕ್ಕಿಕೊಂಡಿತಂತೆ. ಬಾಗಿಲನ್ನೇ ಒಡೆಯೋಣ ಅನ್ನುವಷ್ಟರಲ್ಲಿ ಒಂದು ಗುಬ್ಬಿ ಹುಲ್ಲುಕಡ್ಡಿಯನ್ನು ಉದ್ದಕ್ಕೆ ತಿರುಗಿಸಿಕೊಂಡು ಗೂಡಿಗೆ ನುಗ್ಗಿತಂತೆ. ಆ ಗುಬ್ಬಿಯ ಬೊಂಬೆ ಇವತ್ತಿಗೂ ಚರ್ಚಿನ ಮಾಡಿನ ಮೇಲಿದೆ.

1543ರಲ್ಲಿ ಕೆಲಸ ನಿಂತಿತು. ಗೋಪುರ ಸುಮಾರು 100 ಮೀಟರಿಗೆ ಮೊಂಡಾಗಿ ಉಳಿಯಿತು. ಮತ್ತೆ ಕೈ ಹಾಕಿದ್ದು 1844ರಲ್ಲಿ. ಆಮೇಲೆ ಹೊರಗಡೆ ಹಾರು ಒತ್ತುಗಂಬಗಳನ್ನು, ಅಂದ್ರೆ ಗೋಡೆಯಿಂದ ದೂರ ನಿಂತು ಅರ್ಧ ಕಮಾನಿನ ತೋಳು ಚಾಚಿ ಗೋಡೆಗೆ ಒತ್ತು ಕೊಡೋ ಕಂಬಗಳನ್ನು, ಸೇರಿಸಿದರು. 1890ರಲ್ಲಿ ಗೋಪುರ ಮುಗಿದಾಗ ಎತ್ತರ 161.53 ಮೀಟರ್, ಅಂದ್ರೆ ಸುಮಾರು 530 ಅಡಿ. ಹತ್ತೋಕೆ 768 ಮೆಟ್ಟಿಲು. ನೂರಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಜಗತ್ತಿನಲ್ಲಿ ಅದಕ್ಕಿಂತ ಎತ್ತರದ ಚರ್ಚ್ ಇರಲಿಲ್ಲ.

ಗೋಪುರ ಮುಗಿಸಿದ ಔಗುಸ್ಟ್ ಫಾನ್ ಬೇಯರ್ ಹೊಸ ನಕ್ಷೆ ಬರೆಯಲು ಹೋಗಲಿಲ್ಲ. ಊರು ಬಿಟ್ಟು ಹೋದ ಬ್ಯೋಬ್ಲಿಂಗರನ ನಕ್ಷೆ ಉಳಿದಿತ್ತು. ನಾನೂರು ವರ್ಷದ ಆ ನಕ್ಷೆಯನ್ನೇ ಮುಂದಿಟ್ಟುಕೊಂಡು ಕಟ್ಟಿದ. ಸುಮ್ನೆ ಹಾಗೇ ಕಟ್ಟಲಿಲ್ಲ, ಇನ್ನೊಂದು 10 ಮೀಟರ್ ಏರಿಸಿದ. ಆ ನಕ್ಷೆಯ ಫೋಟೋ ತಂದಿದ್ದೀನಿ. ಜೊತೆಗೆ ನಮ್ಮ ಗೇಟಿಂದೂ ಒಂದಿದೆ. ಹಿಂದಿನ ಸಾಲಿನಿಂದ ಶುರು ಮಾಡಿ, ಕೈಯಿಂದ ಕೈಗೆ ದಾಟಿಸಿ.