ಗಿಡದ ಮದ್ದು ಕ್ಯಾನ್ಸರ್ ಗಡ್ಡೆಯವರೆಗೆ ತಲುಪಬೇಕಲ್ಲ

ಕೇಳುಗರಿಗೆ ನಮಸ್ಕಾರ.

ಒಂದು ಲೋಟ ನೀರಿಗೆ ಚಿಟಿಕೆ ಅರಿಶಿನ ಹಾಕಿ ಕದಡಿ. ನೀರು ಹಳದಿಯಾಗುತ್ತದೆ. ಸ್ವಲ್ಪ ಹೊತ್ತು ಬಿಟ್ಟು ನೋಡಿ, ಪುಡಿಯೆಲ್ಲ ತಳದಲ್ಲಿ ಕೂತಿರುತ್ತದೆ. ಅರಿಶಿನಕ್ಕೆ ಹಳದಿ ಬಣ್ಣ ಕೊಡುವ ಕರ್ಕ್ಯುಮಿನ್ ಎಂಬ ಅಂಶ ನೀರಿನಲ್ಲಿ ಕರಗುವುದಿಲ್ಲ ಅಂತಲೇ ಹೇಳಬಹುದು.

ಲ್ಯಾಬಿನ ತಟ್ಟೆಯಲ್ಲಿ ಕ್ಯಾನ್ಸರ್ ಕೋಶಗಳ ಮೇಲೆ ಇದನ್ನೇ ನೇರವಾಗಿ ಹಾಕಿದರೆ ಅವು ಸಾಯುತ್ತವೆ, ನಿಜ. ನುಂಗಿದಾಗ ಕಥೆ ಬೇರೆ. ಮೈಗೆ ಹತ್ತುವುದೇ ಕಡಿಮೆ, ಹತ್ತಿದ ಅಷ್ಟಿಷ್ಟನ್ನೂ ಕರುಳು ಮತ್ತು ಲಿವರ್ ಸೇರಿಕೊಂಡು ಬೇಗ ಬೇಗ ಮಾರ್ಪಡಿಸಿ ಹೊರಗೆ ಕಳಿಸಿಬಿಡುತ್ತವೆ. ಇನ್ನು ಗಡ್ಡೆಗೆ ಸಿಗುವುದೇನು?

1998ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, 2 ಗ್ರಾಂ ಕರ್ಕ್ಯುಮಿನ್ ಜೊತೆ ಕಾಳುಮೆಣಸಿನಲ್ಲಿರುವ ಪೈಪರಿನ್ ಎಂಬ ಅಂಶವನ್ನು 20 ಮಿಲಿಗ್ರಾಂ ಕೊಟ್ಟರು. ರಕ್ತಕ್ಕೆ ಸೇರಿದ ಪ್ರಮಾಣ ಶೇ. 2000ರಷ್ಟು ಜಾಸ್ತಿಯಾಯಿತು. ಈ ಅಂಕಿ ಕೇಳಿದರೆ ಯಾರಿಗಾದರೂ ಆಸೆ ಹುಟ್ಟುತ್ತದೆ, ಅಲ್ವಾ? ಆದರೆ ಮೊದಲು ಇದ್ದದ್ದೇ ಸಾಸಿವೆಯಷ್ಟು. ಅದು ಇಪ್ಪತ್ತು ಪಟ್ಟಾದರೂ ಎಷ್ಟಾದೀತು! ಜೊತೆಗೆ ಪೈಪರಿನ್ ಲಿವರಿನ ಕೆಲಸವನ್ನೇ ನಿಧಾನ ಮಾಡುತ್ತದೆ, ಹಾಗಾಗಿ ಕೀಮೋ ಔಷಧಿಯೂ ಹೊರಹೋಗದೆ ರಕ್ತದಲ್ಲಿ ಹೆಚ್ಚು ಉಳಿದು ವಿಷವಾಗುವ ಅಪಾಯ ಇದೆ. ಡಾಕ್ಟರಿಗೆ ಹೇಳದೆ ಸುಮ್ನೆ ಇವೆರಡೂ ಇರುವ ಕ್ಯಾಪ್ಸೂಲ್ ನುಂಗುವವರನ್ನು ನೆನೆದರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ದಯವಿಟ್ಟು ಡಬ್ಬಿಯನ್ನೇ ತೆಗೆದುಕೊಂಡು ಹೋಗಿ ಡಾಕ್ಟರಿಗೆ ತೋರಿಸಿ.

ನೀರಿನಲ್ಲಿ ಕರಗದ ಇದೇ ಕಾಟ ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಕ್ಯಾನ್ಸರ್ ಮದ್ದಿಗೂ ಇತ್ತು. ಅದು ಪೆಸಿಫಿಕ್ ಯೂ ಮರದ ತೊಗಟೆಯಲ್ಲಿ ಸಿಕ್ಕಿದ್ದು. ಮನ್ರೋ ವಾಲ್, ಮನ್ಸುಖ್ ವಾನಿ ಎಂಬ ವಿಜ್ಞಾನಿಗಳು ಬೇರ್ಪಡಿಸಿದ್ದು. 1992ರಲ್ಲಿ ಅಮೆರಿಕದಲ್ಲಿ ಅಂಡಾಶಯದ ಕ್ಯಾನ್ಸರಿಗೆ ಒಪ್ಪಿಗೆ ಸಿಕ್ಕಿತು. ಕೋಶ ಒಡೆದು ಎರಡಾಗುವುದನ್ನೇ ತಡೆಯುವ ಮದ್ದು ಅದು. ಆದರೆ ಡ್ರಿಪ್‌ನಲ್ಲಿ ಕೊಡಲು ಹರಳೆಣ್ಣೆಯಿಂದ ತಯಾರಿಸಿದ ಒಂದು ದ್ರಾವಕ ಬೇಕಾಗಿತ್ತು, ಆ ದ್ರಾವಕಕ್ಕೇ ಕೆಲವರಿಗೆ ಜೋರು ಅಲರ್ಜಿ! ಅದಕ್ಕೆ ಮೊದಲೇ ಸ್ಟೀರಾಯ್ಡ್ ಕೊಟ್ಟು, ಸಾಮಾನ್ಯವಾಗಿ ಮೂರು ಗಂಟೆ ನಿಧಾನವಾಗಿ ಹನಿಸಬೇಕು.

ಮದ್ದನ್ನು ಬದಲಿಸಲಿಲ್ಲ, ಅದು ಹೋಗುವ ಗಾಡಿಯನ್ನು ಬದಲಿಸಿದರು. ನಮ್ಮ ರಕ್ತದಲ್ಲೇ ಇರುವ ಆಲ್ಬುಮಿನ್ ಪ್ರೋಟೀನಿಗೆ ಅಂಟಿಸಿ, ಸುಮಾರು 130 ನ್ಯಾನೋಮೀಟರಿನ ಕಣ ಮಾಡಿದರು. 2005ರಲ್ಲಿ ಅದಕ್ಕೂ ಒಪ್ಪಿಗೆ ಬಂತು. ಆ ದ್ರಾವಕ ಬೇಡ, ಅರ್ಧ ಗಂಟೆಯಲ್ಲಿ ಡ್ರಿಪ್ ಮುಗಿಯುತ್ತದೆ. ಕೈಕಾಲು ಜೋಮು ಹಿಡಿಯುವ ತೊಂದರೆ ಮಾತ್ರ ಇದರಲ್ಲೂ ಹೋಗಿಲ್ಲ, ಅಂಗಿಯ ಗುಂಡಿ ಹಾಕಿಕೊಳ್ಳಲೂ ಕೆಲವರ ಬೆರಳು ತಡಕಾಡುತ್ತವೆ.