ಕೊಡಗಿನ ತೋಟಕ್ಕೆ 7.5 ಎಚ್‌ಪಿ ಸಾಲದು

ನಮಸ್ಕಾರ. ಇವತ್ತು ಸೋಲಾರ್ ಪಂಪ್‌ಸೆಟ್ ಬಗ್ಗೆ ಮಾತಾಡೋಣ.

ಪಿಎಂ ಕುಸುಮ್ ಯೋಜನೆ 2019ರಲ್ಲಿ ಬಂತು. ಕರೆಂಟ್ ಲೈನಿನ ಹಂಗಿಲ್ಲದೆ ಓಡುವ ಸೋಲಾರ್ ಪಂಪ್‌ಗೆ ಕೇಂದ್ರದಿಂದ ಶೇ 30 ಸಹಾಯಧನ. ನಮ್ಮ ರಾಜ್ಯ ಮೊದಲು ಶೇ 30 ಕೊಡುತ್ತಿತ್ತು, ಆಮೇಲೆ ಅದನ್ನು ಶೇ 50ಕ್ಕೆ ಏರಿಸಿತು. ಅಂದರೆ ರೈತರು ಹಾಕಬೇಕಾದದ್ದು ಶೇ 20 ಮಾತ್ರ. ಇದು ಸಣ್ಣ ಸಹಾಯ ಅಲ್ಲ. ಶಿರಂಗಾಲ, ಕುಶಾಲನಗರದ ಕಡೆ ಜೋಳ, ಶುಂಠಿ ಬೆಳೆಯುವವರಿಗೆ ಇದು ಚೆನ್ನಾಗಿ ಹೊಂದುತ್ತದೆ. ಕಾಫಿ ತೋಟಕ್ಕೆ ಈಗಿನ ನಿಯಮ ಹೊಂದುವುದಿಲ್ಲ. ನನ್ನ ತಕರಾರು ಇರುವುದು ಅಲ್ಲೇ.

ಕೊಡಗಿನಲ್ಲಿ ಬಿಸಿಲೆಲ್ಲಿದೆ ಅಂತ ಕೇಳುವವರಿದ್ದಾರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸೂರ್ಯನ ಮುಖ ಕಾಣುವುದೇ ಕಷ್ಟ, ನಿಜ. ಆದರೆ ಆಗ ಪಂಪ್ ಯಾರಿಗೆ ಬೇಕು? ರೊಬಸ್ಟಾ ಕಾಫಿಗೆ ನೀರು ಬೇಕಾಗುವುದು ಫೆಬ್ರವರಿ, ಮಾರ್ಚ್‌ನಲ್ಲಿ. ಕಾಫಿ ಹೂ ಅರಳಿಸುವ ಹೂಮಳೆ ಕೈಕೊಟ್ಟರೆ ಕೆರೆಯಿಂದ ನೀರೆತ್ತಿ ಸ್ಪ್ರಿಂಕ್ಲರ್ ಹಾಕಲೇಬೇಕು. ಮೊಗ್ಗು ಅರಳುವುದಕ್ಕೆ ಒಮ್ಮೆ, ಕಾಯಿ ನಿಲ್ಲುವುದಕ್ಕೆ ಎರಡು ಮೂರು ವಾರ ಬಿಟ್ಟು ಇನ್ನೊಮ್ಮೆ. ಆ ದಿನಗಳಲ್ಲಿ ನಮ್ಮಲ್ಲಿ ಬಿಸಿಲಿಗೆ ಬರವಿಲ್ಲ.

ಸೋಲಾರ್ ಪಂಪ್ ಬೇಕು ಅನ್ನುವುದಕ್ಕೆ ಇನ್ನೊಂದು ಕಾರಣ ಇದೆ. ನನಗೆ ಅದೇ ದೊಡ್ಡದು. ಪಂಪ್‌ಸೆಟ್‌ಗೆ ತ್ರೀಫೇಸ್ ಕರೆಂಟ್ ಪಾಳಿಯಲ್ಲಿ ಬರುತ್ತದೆ. ಎಷ್ಟೋ ಸಲ ಆ ಪಾಳಿ ರಾತ್ರಿ. ಸಿದ್ದಾಪುರ, ಅಮ್ಮತ್ತಿ, ಪೊನ್ನಂಪೇಟೆ ಕಡೆ ಕತ್ತಲಲ್ಲಿ ಕೆರೆ ಹತ್ತಿರ ಹೋಗುವುದು ಅಂದರೆ ಏನು ಅಂತ ಇಲ್ಲಿಯವರಿಗೆ ಹೇಳಬೇಕಿಲ್ಲ. ಬೇಸಿಗೆಯಲ್ಲಿ ಆನೆಗಳೂ ನೀರಿಗೆ ಬರುವುದು ಅದೇ ಕೆರೆಗೆ. ಪೈಪ್ ಬದಲಿಸಲು, ಸ್ಪ್ರಿಂಕ್ಲರ್ ಜೆಟ್ ಜಾಗ ಬದಲಿಸಲು ಹೋಗುವವರು ಹೆಚ್ಚಾಗಿ ಕೂಲಿ ಕಾರ್ಮಿಕರು. ಸೋಲಾರ್ ಪಂಪ್ ಹಗಲಲ್ಲೇ ಓಡುತ್ತದೆ. ಯಾರೂ ಟಾರ್ಚ್ ಹಿಡಿದು ತೋಟಕ್ಕೆ ಇಳಿಯಬೇಕಿಲ್ಲ. ಸಹಾಯಧನದ ಲೆಕ್ಕ ಹಾಕುವವರು ಡೀಸೆಲ್ ಎಷ್ಟು ಉಳಿಯಿತು ಅಂತ ನೋಡುತ್ತಾರೆ. ಈ ಜೀವಗಳನ್ನೂ ಆ ಲೆಕ್ಕಕ್ಕೆ ಸೇರಿಸಬೇಕು.

ಹಾಗಾದರೆ ತೊಡಕು ಎಲ್ಲಿ? ಪಂಪಿನ ಗಾತ್ರದಲ್ಲಿ. ಕೇಂದ್ರದ ನೆರವು ಸಿಗುವುದು 7.5 ಎಚ್‌ಪಿವರೆಗೆ. ಅದಕ್ಕಿಂತ ದೊಡ್ಡದು ಹಾಕಿದರೂ ಲೆಕ್ಕ 7.5ಕ್ಕೇ ನಿಲ್ಲುತ್ತದೆ. ಗದ್ದೆ ಬದಿಯ ಕೆರೆಯಿಂದ ಏರುಮುಖದ ತೋಟಕ್ಕೆ ನೀರೆತ್ತಿ, ಒಂದಿಡೀ ಸಾಲು ಸ್ಪ್ರಿಂಕ್ಲರ್ ತಿರುಗುವಷ್ಟು ಒತ್ತಡ ಬೇಕು ಅಂದರೆ ಅಷ್ಟು ಸಾಲದು. ಅದಕ್ಕೇ ಇಲ್ಲಿ ಇವತ್ತಿಗೂ ಡೀಸೆಲ್ ಎಂಜಿನ್ ಸದ್ದು ಕೇಳುತ್ತಿದೆ.

ಹಿಮಾಚಲ, ಉತ್ತರಾಖಂಡದ ರೈತರಿಗೆ ಇದೇ ಯೋಜನೆಯಲ್ಲಿ 15 ಎಚ್‌ಪಿವರೆಗೆ ನೆರವಿದೆ. ಕೇಂದ್ರದ ಪಾಲೂ ಶೇ 50. ಅವು ಗುಡ್ಡಗಾಡು ರಾಜ್ಯಗಳು, ಸರಿ. ಕೊಡಗು ಏನು ಬಯಲಾ? ರಾಜ್ಯದ ಹೆಸರು ನೋಡಿ ಗುಡ್ಡ ಯಾವುದು ಅಂತ ತೀರ್ಮಾನಿಸುವುದು ಅನ್ಯಾಯ. ಜಿಲ್ಲೆಯನ್ನು ನೋಡಿ ತೀರ್ಮಾನಿಸಿ ಅಂತ ನಮ್ಮ ಶಾಸಕರು, ಸಂಸದರು ದೆಹಲಿಗೆ ಹೋಗಿ ಕೇಳಬೇಕು. ಕಾಫಿ ಮಂಡಳಿ ಇರುವುದು ವಾಣಿಜ್ಯ ಸಚಿವಾಲಯದ ಕೆಳಗೆ, ಕುಸುಮ್ ಇರುವುದು ನವೀಕರಿಸಬಹುದಾದ ಇಂಧನ ಸಚಿವಾಲಯದಲ್ಲಿ. ನಡುವೆ ಬೆಳೆಗಾರರ ಮಾತು ಯಾರ ಮೇಜಿಗೂ ತಲುಪುವುದಿಲ್ಲ.

ಪಹಣಿಯ ಸಮಸ್ಯೆ ಬೇರೆ. ಕೊಡಗಿನಲ್ಲಿ ವಂಶಪಾರಂಪರ್ಯವಾಗಿ ಬಂದ ಜಮ್ಮಾ ಜಮೀನಿನ ಪಹಣಿಯಲ್ಲಿ ಎಷ್ಟೋ ಕಡೆ ತೀರಿಹೋದ ಪಟ್ಟೆದಾರರ (ಮನೆತನದ ಹಿರಿಯರ) ಹೆಸರೇ ಇದೆ, ಜೊತೆಗೆ ಇಡೀ ಒಕ್ಕದವರ, ಅಂದರೆ ಮನೆತನದವರ ಹೆಸರು. ಅರ್ಜಿಗೆ ಪಹಣಿ ಕೇಳಿದ ಕೂಡಲೇ ಅರ್ಧ ಜನ ಹಿಂದೆ ಸರಿಯುತ್ತಾರೆ. ಸಾಗುವಳಿ ಯಾರು ಮಾಡುತ್ತಿದ್ದಾರೆ ಅಂತ ಗ್ರಾಮ ಆಡಳಿತಾಧಿಕಾರಿ ಸ್ಥಳ ನೋಡಿ ಬರೆದುಕೊಟ್ಟರೆ ಸಾಕು ಅನ್ನುವ ನಿಯಮ ಮಾಡಬಹುದಲ್ವಾ?

ಸೋಲಾರ್ ನಮಗೆ ಹೊಸದಲ್ಲ. ಆನೆಗೆ ಅಂತ ಹಾಕಿದ ಸೋಲಾರ್ ಬೇಲಿಗಳನ್ನು ನೋಡಿದ್ದೇವೆ. ಬಳ್ಳಿ ಹಬ್ಬಿ ತಂತಿಗೆ ತಾಗಿದರೆ, ಬ್ಯಾಟರಿ ಕೆಟ್ಟರೆ, ಅದು ಬರೀ ತಂತಿ. ಕುಸುಮ್ ಪಂಪ್‌ಗೆ ಐದು ವರ್ಷದ ನಿರ್ವಹಣೆ ಹಾಕಿಕೊಟ್ಟ ಕಂಪನಿಯದೇ ಹೊಣೆ. ಸಹಿ ಹಾಕುವ ಮೊದಲು ಜಿಲ್ಲೆಯೊಳಗೆ ಅವರ ಸರ್ವಿಸ್ ಎಲ್ಲಿದೆ ಅಂತ ಕೇಳಿ. ಮಡಿಕೇರಿಯ ಮಳೆಗಾಲ ಕಳೆದು ಪ್ಯಾನೆಲ್ ಮೇಲೆ ಪಾಚಿ ಕಟ್ಟಿದಾಗ ಮೈಸೂರಿನಿಂದ ಯಾರೂ ಸುಮ್ನೆ ಬರುವುದಿಲ್ಲ.

ನಿಯಮ ಬದಲಾಗುವವರೆಗೆ ಕಾಯಬೇಕಾ? ಬೇಡ. ಕೃಷಿ ಪತ್ತಿನ ಸಹಕಾರ ಸಂಘ, ರೈತ ಉತ್ಪಾದಕರ ಸಂಸ್ಥೆ ಹೆಸರಿನಲ್ಲಿ ಒಟ್ಟಾಗಿ ಅರ್ಜಿ ಹಾಕಿದರೆ 7.5 ಎಚ್‌ಪಿಗಿಂತ ದೊಡ್ಡ ಪಂಪ್‌ಗೂ ನೆರವು ಕೊಡಲು ಯೋಜನೆಯಲ್ಲೇ ಅವಕಾಶ ಇದೆ. ಕೊಡಗಿನಲ್ಲಿ ಸಹಕಾರ ಸಂಘಗಳು ಗಟ್ಟಿಯಾಗಿವೆ. ಒಂದೇ ಕೆರೆಯ ನೀರು ಬಳಸುವ ನಾಲ್ಕೈದು ಮನೆಯವರು ಕೂತು ಮಾತಾಡಿ. ನೆರಳಿನ ಮರ ಕಡಿಯುವುದು ಬೇಡ, ಪಾಳುಬಿದ್ದ ಗದ್ದೆಯಲ್ಲಿ ಪ್ಯಾನೆಲ್ ನಿಲ್ಲಿಸಬಹುದು. ತೋಟದ ಎತ್ತರದ ಜಾಗದಲ್ಲಿ ಟ್ಯಾಂಕ್ ಕಟ್ಟಿ ಜನವರಿಯಿಂದಲೇ ನೀರು ತುಂಬಿಸುತ್ತಾ ಬನ್ನಿ. ನಿಮ್ಮ ಸಂಘದ ಮುಂದಿನ ಮಹಾಸಭೆಯಲ್ಲಿ ಇದನ್ನು ವಿಷಯಪಟ್ಟಿಗೆ ಸೇರಿಸಿ ಅಂತ ಅಧ್ಯಕ್ಷರಿಗೆ ಇವತ್ತೇ ಪತ್ರ ಕೊಡಿ.