ದುಃಸ್ವಪ್ನಗಳು ಏಕೆ ಬೀಳುತ್ತವೆ?

ಶ್ರೋತೃಗಳಿಗೆ ನಮಸ್ಕಾರ. ಮಳೆಗಾಲದಲ್ಲಿ ಅಡಿಕೆಗೆ ಕೊಳೆರೋಗದ ಔಷಧಿ ಹೊಡೆಯುವಾಗ ಮರದಿಂದ ಜಾರಿ ಬಿದ್ದು, ಮುರಿದ ಮೂಳೆ ಕೂಡಿಕೊಂಡ ಮೇಲೂ ನಿದ್ದೆಯಲ್ಲಿ ಮತ್ತೆ ಮತ್ತೆ ಅದೇ ಮರದಿಂದ ಬೀಳುವ ಕೊನೆಗಾರರು ನಮ್ಮ ಮಲೆನಾಡಿನಲ್ಲಿದ್ದಾರೆ. ಅವರು ಅದನ್ನು ಮನೆಯಲ್ಲಿ ಬಾಯಿಬಿಟ್ಟು ಹೇಳುವುದು ಕಡಿಮೆ. ಹೇಳಿದರೆ ಅಂತ್ರ ಕಟ್ಟಿಸುವ ಮಾತು ಬರುತ್ತದೆ, ಇಲ್ಲವೇ ಪುಕ್ಕಲನೆಂಬ ಹೆಸರು ಬರುತ್ತದೆ. ಆದರೆ ದುಃಸ್ವಪ್ನವು ಮುಂದಿನ ಕೇಡಿನ ಸೂಚನೆಯೂ ಅಲ್ಲ, ಧೈರ್ಯ ಕಳೆದುಕೊಂಡದ್ದರ ಗುರುತೂ ಅಲ್ಲ.

1953ರಲ್ಲಿ ಶಿಕಾಗೊ ವಿಶ್ವವಿದ್ಯಾಲಯದ ಯೂಜೀನ್ ಅಸೆರಿನ್‌ಸ್ಕಿ ಮತ್ತು ನಥಾನಿಯಲ್ ಕ್ಲೀಟ್‌ಮನ್ ಅವರು, ನಿದ್ದೆಯ ಒಂದು ಹಂತದಲ್ಲಿ ಮುಚ್ಚಿದ ರೆಪ್ಪೆಯೊಳಗೆ ಕಣ್ಣುಗುಡ್ಡೆಗಳು ವೇಗವಾಗಿ ಹೊರಳಾಡುವುದನ್ನು ವರದಿ ಮಾಡಿದರು. ಸ್ಪಷ್ಟವಾದ ಕನಸುಗಳು ಹೆಚ್ಚಾಗಿ ಬೀಳುವುದು ಈ ಹಂತದಲ್ಲಿಯೇ. ಸುಮಾರು 90 ನಿಮಿಷಗಳಿಗೊಮ್ಮೆ ಮರಳಿ ಬರುವ ಈ ಹಂತ ರಾತ್ರಿ ಕಳೆದಂತೆ ದೀರ್ಘವಾಗುತ್ತದೆ. ಬೆಳಗಿನ ಜಾವದ ಕನಸು ನಿಜವಾಗುತ್ತದೆ ಎಂದು ನಮ್ಮ ಹಿರಿಯರು ನಂಬಿದ್ದರಲ್ಲವೇ? ಆ ಹೊತ್ತಿನ ಕನಸು ಉದ್ದವಾಗಿ, ಕಣ್ಣಿಗೆ ಕಟ್ಟುವಂತೆ ಇದ್ದು, ಎದ್ದ ಮೇಲೂ ನೆನಪಿನಲ್ಲಿ ಉಳಿಯುವುದೇ ಆ ನಂಬಿಕೆಗೆ ಬಲ ಕೊಟ್ಟಿರಬೇಕು ಎಂದು ನನಗನ್ನಿಸುತ್ತದೆ.

ಈ ಹಂತದಲ್ಲಿ ಭಯವನ್ನು ಗುರುತಿಸುವ ಅಮಿಗ್ಡಲ ಎಂಬ ಮಿದುಳಿನ ಭಾಗ ಚುರುಕಾಗಿರುತ್ತದೆ. ಹಣೆಯ ಹಿಂದಿರುವ, ವಿವೇಚನೆಗೆ ಸಂಬಂಧಿಸಿದ ಭಾಗ ಮಂಕಾಗಿರುತ್ತದೆ. ಆದ್ದರಿಂದಲೇ ಎಚ್ಚರದಲ್ಲಿ ನಂಬಲಾಗದ ಸಂಗತಿಯೂ ಕನಸಿನಲ್ಲಿ ನಡುಕ ಹುಟ್ಟಿಸುತ್ತದೆ. ಜೊತೆಗೆ ಕೈಕಾಲಿನ ಸ್ನಾಯುಗಳು ಸಡಿಲಗೊಂಡಿರುತ್ತವೆ. ಆ ಸಡಿಲಿಕೆ ಬಿಡುವ ಮೊದಲೇ ಎಚ್ಚರವಾದರೆ, ಕಣ್ಣು ತೆರೆದಿದ್ದರೂ ಮೈ ಅಲುಗದೆ, ಎದೆಯ ಮೇಲೆ ಯಾರೋ ಕುಳಿತಂತೆ ಭಾಸವಾಗುತ್ತದೆ.

ಚಿಕ್ಕ ಮಕ್ಕಳು ಮಲಗಿದ ಒಂದೆರಡು ಗಂಟೆಗಳಲ್ಲೇ ಚೀರಿಕೊಂಡು ಎದ್ದು ಕುಳಿತು, ಅಮ್ಮನನ್ನೂ ಗುರುತಿಸದೆ ಹೊರಳಾಡಿ, ಬೆಳಿಗ್ಗೆ ಏನೂ ನೆನಪಿಲ್ಲವೆನ್ನುವುದು ಬೇರೆಯದೇ ಸಂಗತಿ. ಅದು ಗಾಢನಿದ್ದೆಯಿಂದ ಅರೆಬರೆ ಎಚ್ಚರವಾದ ಸ್ಥಿತಿ. ಆಗ ಮಗುವನ್ನು ಅಲುಗಾಡಿಸಿ ಎಬ್ಬಿಸದೆ, ಪೆಟ್ಟಾಗದಂತೆ ಪಕ್ಕದಲ್ಲಿದ್ದರೆ ಸಾಕು. ಬಹುತೇಕ ಮಕ್ಕಳಲ್ಲಿ ವಯಸ್ಸಾದಂತೆ ಇದು ತಾನಾಗಿ ನಿಲ್ಲುತ್ತದೆ.

ಜ್ವರ, ಸಾಲದ ಚಿಂತೆ, ಸುಗ್ಗಿಯಲ್ಲಿ ನಡುರಾತ್ರಿಯವರೆಗೆ ಅಡಿಕೆ ಸುಲಿದು ನಿದ್ದೆಗೆಡುವುದು, ಕುಡಿತವನ್ನು ಹಠಾತ್ತನೆ ಬಿಡುವುದು, ಇವೆಲ್ಲ ದುಃಸ್ವಪ್ನಕ್ಕೆ ದಾರಿಯಾಗಬಹುದು. ರಕ್ತದೊತ್ತಡಕ್ಕೆ ಕೊಡುವ ಪ್ರೊಪ್ರನೊಲಾಲ್‌ನಂಥ ಮಾತ್ರೆಗಳಿಂದಲೂ ಕೆಲವರಿಗೆ ಹೀಗಾಗುತ್ತದೆ. ಹಾಗೆಂದು ಮಾತ್ರೆಯನ್ನು ತಾವಾಗಿಯೇ ನಿಲ್ಲಿಸದೆ ವೈದ್ಯರಿಗೆ ತಿಳಿಸಬೇಕು.

ಒಂದೇ ಕನಸು ಪದೇ ಪದೇ ಕಾಡುವವರಿಗೆ ಮನೋವೈದ್ಯರು ಹೇಳಿಕೊಡುವ ಸರಳ ಚಿಕಿತ್ಸೆಯೊಂದಿದೆ. ಹಗಲು ಹೊತ್ತಿನಲ್ಲಿ ನೆಮ್ಮದಿಯಾಗಿ ಕುಳಿತು, ಆ ಕನಸನ್ನು ಬರೆದು, ಅದರ ಕಥೆಯನ್ನು ತಮಗೆ ಬೇಕಾದಂತೆ ಬದಲಿಸಿ, ಬದಲಾದ ಕನಸನ್ನು ದಿನವೂ 10ರಿಂದ 20 ನಿಮಿಷ ಮನಸ್ಸಿನಲ್ಲಿ ಕಾಣಬೇಕು. ನಾನು ಹೇಳಿದ ಕೊನೆಗಾರನು ಹಗ್ಗವನ್ನು ಬಿಗಿಯಾಗಿ ಹಿಡಿದು, ಒಂದೊಂದೇ ಹೆಜ್ಜೆಯಾಗಿ ಇಳಿದು, ನೆಲಕ್ಕೆ ಕಾಲೂರುವುದನ್ನು ಕಾಣಬಹುದು. ಇದನ್ನು ಕೆಲವು ವಾರ ಬಿಡದೆ ಮಾಡಿದ ಅನೇಕರಲ್ಲಿ ದುಃಸ್ವಪ್ನಗಳು ಕಡಿಮೆಯಾಗಿವೆ.

ಅಪಘಾತ ಅಥವಾ ಹಿಂಸೆಯ ನಂತರ ಇಂಥ ಕನಸುಗಳು ತಿಂಗಳುಗಟ್ಟಲೆ ಉಳಿದು, ಮಲಗುವುದಕ್ಕೇ ಹೆದರಿಕೆಯಾಗುತ್ತಿದ್ದರೆ, ದಯವಿಟ್ಟು ಒಬ್ಬರೇ ನುಂಗಿಕೊಳ್ಳಬೇಡಿ. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕಾಣಿರಿ. ಅಷ್ಟು ದೂರ ಹೋಗಲಾಗದಿದ್ದರೆ, ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಕರೆಗೆ ಹಣ ಕೊಡಬೇಕಾಗಿಲ್ಲ.